ಇನ್ನೂರ ಹನ್ನೆರಡನೆಯ ಬಿಲ್ಲೆ

ನನ್ನ ಮಾವನವರಿಗೆ ಕೋಪ ಮೂಗಿನ ತುದಿಯಲ್ಲಿ ಎನ್ನುವವರು ಅವರ ಮೂಗು ನೋಡಿಲ್ಲ. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಕೋಪ ಹಿಡಿಸುವುದಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವರೆದುರು ಸೀನುವ ಮೊದಲು ನಾನು ಎರಡು ಸಲ ಯೋಚಿಸುತ್ತೇನೆ.

ಚಿನ್ನದ ಗಣಿಯ ಬಾಯಲ್ಲಿ ಮೂವತ್ತೊಂದು ವರ್ಷ ಅವರು ಬಿಲ್ಲೆ ಕಾಯುತ್ತಿದ್ದರು. ಗೋಡೆಯ ಮೇಲೆ ಎರಡು ಹಲಗೆ: ‘ಹೊರಗೆ’, ‘ಒಳಗೆ’. ಗಣಿಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ‘ಒಳಗೆ’ ಹಲಗೆಗೆ ನೇತುಹಾಕಬೇಕು. ಮೇಲೆ ಬಂದಮೇಲೆ ತಾನೇ ‘ಹೊರಗೆ’ ಹಲಗೆಗೆ ಹಾಕಬೇಕು. ಇನ್ನೊಬ್ಬರು ಮುಟ್ಟುವಂತಿಲ್ಲ. ‘ಒಳಗೆ’ ಹಲಗೆ ಖಾಲಿಯಾಗದೆ ಮಾವ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ಬಿಲ್ಲೆ ಮರೆತು ಮನೆಗೆ ಹೋದವನನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ಎಳೆತರಿಸಿದ್ದೂ ಉಂಟು.

ಚಿನ್ನ ಸಿಕ್ಕಿತೆಂದು ಎದ್ದ ಊರು, ಮುಗಿಯಿತೆಂದು ಮಲಗಿತು. ಈಗ ಉಳಿದ ಗೋಡೆಗಳಿಗೆ ಬಣ್ಣ ಬಳಿದು ಟಿಕೆಟ್ ಇಟ್ಟಿದ್ದಾರೆ. “ಒಂದ್ಸಲ ನೋಡ್ಕೊಂಡು ಬರೋಣ, ಮಾವ” ಎಂದ ಬುದ್ಧಿವಂತ ನಾನೇ.

ಬಿಲ್ಲೆ ಕೋಣೆಯಲ್ಲಿ ಮಾವನವರ ಸ್ಟೂಲಿನ ಸುತ್ತ ಹಗ್ಗ ಕಟ್ಟಿ ‘ಕೂರಬಾರದು’ ಎಂದು ಬರೆದಿದ್ದರು. ಗೈಡ್ ಹುಡುಗಿ ಚೆಂದವಾಗಿ ವಿವರಿಸುತ್ತಿದ್ದಳು. ಬಿಲ್ಲೆಗಳೆಲ್ಲ ಫಳಫಳ, ‘ಹೊರಗೆ’ ಹಲಗೆಯಲ್ಲಿ ಸಾಲಾಗಿ. ಮಾವ ಬೆರಳಿಟ್ಟು ಎಣಿಸುತ್ತ ಹೋಗಿ ಒಂದು ಕಡೆ ನಿಂತರು.

“ಇನ್ನೂರ ಹನ್ನೆರಡನ್ನ ಇಲ್ಲಿ ಹಾಕಿದ್ದು ಯಾರು?”

“ನಾವೇ ಸರ್. ಆ ಕಡೆ ಇದೊಂದೇ ನೇತಾಡ್ತಿತ್ತು. ನೋಡೋಕೆ ಒಂಥರಾ ಇತ್ತು.”

“ಒಂಥರಾ ಇರ್ಲೇಬೇಕು! ನನ್ನ ತಮ್ಮ ಅವನು. ಇನ್ನೂ ಕೆಳಗಿದ್ದಾನೆ.”

ಸುರಂಗ ಕುಸಿದಾಗ ಒಂಬತ್ತು ದಿನ ಹುಡುಕಿ, ಸಿಗಲಿಲ್ಲವೆಂದು ಕಂಪನಿಯವರು ಗೋಡೆ ಕಟ್ಟಿ ಮುಚ್ಚಿದ್ದರು. ಬಿಲ್ಲೆ ತೆಗೆಯಿರಿ ಎಂದು ಎಷ್ಟು ಸಾಹೇಬರು ಬೈದರೂ ಮಾವ ತೆಗೆದಿರಲಿಲ್ಲ. ಗಣಿ ಮುಚ್ಚಿದ ದಿನವೂ ಅದನ್ನು ಅಲ್ಲಿಯೇ ಬಿಟ್ಟು ಬಂದಿದ್ದರು.

ಜನ್ಮದಲ್ಲಿ ಪರರ ಬಿಲ್ಲೆ ಮುಟ್ಟದ ಮನುಷ್ಯ ಈಗ ಅದನ್ನು ಕಿತ್ತು ‘ಒಳಗೆ’ ಹಲಗೆಗೆ ಹಾಕಿದರು. ಆಮೇಲೆ ಹಗ್ಗ ದಾಟಿ ತಮ್ಮ ಸ್ಟೂಲಿನ ಮೇಲೆ ಕೂತರು.

ಮ್ಯಾನೇಜರ್ ಓಡಿಬಂದ. “ಅಜ್ಜಾ, ಏಳಿ. ವಸ್ತು ಮುಟ್ಟೋ ಹಾಗಿಲ್ಲ.” ವಿಷಯ ತಿಳಿದಮೇಲೆ ದನಿ ಮೆತ್ತಗಾಯಿತು. “ಒಂದು ಕೆಲಸ ಮಾಡಿ. ಅದನ್ನ ನೀವೇ ಇಟ್ಕೊಳ್ಳಿ. ಮನೆಗೆ ತಗೊಂಡು ಹೋಗಿ ಶೋಕೇಸಲ್ಲಿ ಇಡಿ.”

“ಅವನು ಮನೆಗೆ ಬಂದಿಲ್ಲ ಅಂತ ತಾನೇ ಬಡ್ಕೊಳ್ತಿರೋದು!” ಮಾವನವರ ಕೂಗಿಗೆ ಬಿಲ್ಲೆಗಳೇ ಅಲುಗಿದಂತಾಯಿತು. “ಅಷ್ಟು ಚಿನ್ನ ಹೊರಗೆ ತಂದ್ರಲ್ಲ ಕಂಪನಿಯವರು, ಒಬ್ಬ ಮನುಷ್ಯನ್ನ ತರೋಕಾಗ್ಲಿಲ್ಲ. ನೀವು ಹಿತ್ತಾಳೆ ಉಜ್ಜಿ ಅವನನ್ನ ಮೇಲೆ ತಂದ್ಬಿಟ್ರಾ?”

“ರೂಲ್ಸ್ ರೂಲ್ಸೇ” ಎನ್ನುತ್ತ ಮ್ಯಾನೇಜರ್ ಹಲಗೆಯತ್ತ ಕೈ ಚಾಚಿದ.

ಹೋಟೆಲಿನಲ್ಲಿ ನೊಣ ಬಿದ್ದ ಕಾಫಿಯನ್ನೂ ನೊಣ ತೆಗೆದು ಕುಡಿದು ಬರುವವನು ನಾನು. ಅಂದು ಏನಾಯಿತೋ, ಅವನಿಗೂ ಹಲಗೆಗೂ ನಡುವೆ ಹೋಗಿ ನಿಂತೆ. ಹೆಂಡತಿ ದಿನಾ ಹಂಗಿಸುವ ನನ್ನ ಹೊಟ್ಟೆ ಮೊದಲ ಸಲ ಉಪಯೋಗಕ್ಕೆ ಬಂತು. ಸುತ್ತಿ ಹೋಗಲು ಅವನಿಗೆ ದಾರಿಯೇ ಇರಲಿಲ್ಲ.

“ಇದು ಇಲ್ಲೇ ಇರತ್ತೆ” ಎಂದೆ. ಕಿರುಚಿದೆ ಎಂದರೇ ಸರಿ.

ಅಷ್ಟರಲ್ಲಿ ಮುಂದಿನ ತಂಡ ಒಳಗೆ ಬಂತು. ಆ ಒಂಟಿ ಬಿಲ್ಲೆ ಏನೆಂದು ಯಾರೋ ಕೇಳಿದರು. ಗೈಡ್ ಹುಡುಗಿ ಮ್ಯಾನೇಜರನ ಮುಖ ನೋಡಲಿಲ್ಲ.

“ಅವರು ಇನ್ನೂ ಮೇಲೆ ಬಂದಿಲ್ಲ. ದಯವಿಟ್ಟು ಮುಟ್ಟಬೇಡಿ.”

ಅಷ್ಟು ಜನರೆದುರು ಮ್ಯಾನೇಜರ್ ಚಾಚಿದ ಕೈಯನ್ನು ಜೇಬಿಗೆ ಇಳಿಸಿದ. ಹೊಗಳಿಕೆಯ ಒಂದು ಮಾತಾದರೂ ಬಿದ್ದೀತೆಂದು ನಾನು ಮಾವನವರತ್ತ ತಿರುಗಿದೆ. ಅವರ ಹುಬ್ಬು ಗಂಟುಹಾಕಿಕೊಂಡೇ ಇತ್ತು.

“ಅಳಿಯಂದ್ರೇ, ಸ್ವಲ್ಪ ಆ ಕಡೆ ಸರೀರಿ. ಬೋರ್ಡ್ ಕಾಣ್ತಿಲ್ಲ.”