ಲಕ್ಷದ ಮೇಲೆ ಮೂರು ಬತ್ತಿ

ಚಾಮರಾಜನಗರದ ಈ ಸಂಸಾರದಲ್ಲಿ ನನ್ನ ಮ್ಯಾಥ್ಸ್ ಡಿಗ್ರಿ ಉಪಯೋಗಕ್ಕೆ ಬಂದದ್ದು ಒಂದೇ ಸಲ, ಅದೂ ದೀಪದ ಬತ್ತಿಗೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಕೇಳಿದ್ದರೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು.

ಗುಂಡ್ಲುಪೇಟೆಯ ನಾದಿನಿ ಹೋದ ವರ್ಷ ಲಕ್ಷಬತ್ತಿಯ ಹರಕೆ ಹೊತ್ತಳು. ಅವಳ ಇಬ್ಬರು ಗಂಡುಮಕ್ಕಳು, ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುವವನೂ ಅರಿಸಿನ ಬೆಳೆಯುವವನೂ, ಮನೆ ಭಾಗವಾಗಲೇಬೇಕೆಂದು ಕೂತಿದ್ದರು. ಆಗಬಾರದೆಂದು ಹರಕೆ. ನಾನು ಬಸ್ಸಿಳಿದು ಹೋದಾಗ ಜಗಲಿಯಲ್ಲಿ ಬೆರಳಿಗೆ ವಿಭೂತಿ ಮೆತ್ತಿಕೊಂಡು ಹತ್ತಿ ಹೊಸೆಯುತ್ತಿದ್ದಳು.

“ಬರೀ ಲಕ್ಷ ಅಲ್ಲ ಅತ್ಗೆ, ಲಕ್ಷದ ಒಂದು. ಬರೀ ಲಕ್ಷ ಆದ್ರೆ ಐವತ್ತೈವತ್ತು ಸಾವ್ರ ಮಾಡ್ಕಂಡು ಓಯ್ತವೆ ಈ ಮುಂಡೇವು. ಮ್ಯಾಲೊಂದು ಇಟ್ಬುಟ್ರೆ ಭಾಗ ಮಾಡಕಾದದಾ? ಓದ್ದೋರು ನೀವು, ಏಳಿ.”

ಮದುವೆ ಮುಯ್ಯಿಗೆ ಒಂದು ರೂಪಾಯಿ ಸೇರಿಸುವ ನಮ್ಮ ಕಡೆಯ ಥಿಯರಿ! “ಹೂಂ” ಎಂದಿದ್ದರೆ ಅದು ಮ್ಯಾನರ್ಸ್. ಆದರೆ ವಿದ್ಯೆ ನೋಡಿ, ಬಾಯಿ ಕಚ್ಚಿಕೊಂಡಿರುವುದಿಲ್ಲ. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಆ ಚೆಂದದ ಸಂಖ್ಯೆಯ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಕಳೆದು ನೋಡಿದೆ. ಸೊನ್ನೆ.

“ಹನ್ನೊಂದರಿಂದ ಭಾಗವಾಗುತ್ತೆ ಕಣೆ. ಕಾಂಪೋಸಿಟ್ ನಂಬರ್.”

ಹೊಸೆಯುವ ಬೆರಳು ನಿಂತಿತು. “ಅನ್ನೊಂದು ಗಂಡ್ಮಕ್ಳ ಯಾರ್ ಎತ್ತವ್ರೆ ಈ ಮನೇಲಿ?” ಎಂದು ಸಿಡುಕಿದಳು. ಆಮೇಲೆ ದನಿ ಇಳಿಸಿ, “ಯಾವುದ್ರಲ್ಲೂ ಭಾಗವಾಗ್ದೇ ಇರೋದು ಎಷ್ಟಾಯ್ತದೆ, ವಸಿ ನೋಡಿ ಅತ್ಗೆ.”

ಮೊಬೈಲನ್ನು ಕೇಳಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿತ್ತು. ಕಾನ್ವೆಂಟ್ ಹೆಮ್ಮೆ ಬಿಡಬೇಕಲ್ಲ. ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಮೂರು, ಏಳು, ಹದಿಮೂರು ಎನ್ನುತ್ತ ಮುನ್ನೂರು ದಾಟುವವರೆಗೂ ಭಾಗಿಸಿದೆ. ಸಂಜೆ ಬಸ್ಸು ತಪ್ಪಿತು. ಒಂದು ಲಕ್ಷದ ಮೂರು, ಪಕ್ಕಾ ಪ್ರೈಮ್.

“ಇನ್ನೆರಡು ಬತ್ತಿಯೇಯಾ? ಸದ್ಯ!”

ಕಾರ್ತಿಕದಲ್ಲಿ ಬತ್ತಿ ಉರಿದವು. ಅಣ್ಣತಮ್ಮಂದಿರು ಜೊತೆಯಾಗಿ ತುಪ್ಪ ಸುರಿದು, ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು. ಆ ಫೋಟೋ ಸ್ಟೇಟಸ್‌ನಿಂದ ಇಳಿಯುವ ಮೊದಲೇ ಇಟ್ಟಿಗೆ ಬಂತು. ಪ್ರೈಮ್ ನಂಬರಿನ ಮಹಿಮೆಯನ್ನು ಗಾರೆ ಮೇಸ್ತ್ರಿಗೆ ಯಾರೂ ತಿಳಿಸಿರಲಿಲ್ಲ.

ಗೋಡೆ ಅಡುಗೆಮನೆ ಸೀಳಿತು, ನಡುಮನೆ ಸೀಳಿತು, ಜಗಲಿಗೆ ಬಂತು. ಅಲ್ಲಿ ಹತ್ತಿಯ ಬುಟ್ಟಿ ಇಟ್ಟುಕೊಂಡು ನಾದಿನಿ ಕೂತಿದ್ದಳು.

“ವಸಿ ಆ ಕಡೀಕೆ ಜರುಗವ್ವ,” ಎಂದ ಮೇಸ್ತ್ರಿ.

“ಯಾವ ಕಡೀಕ್ಲಾ? ನಾನು ಯಾವ ಭಾಗಕ್ಕೂ ಬರಕ್ಕಿಲ್ಲ. ಓಗು, ಅಲ್ಲೇ ನಿಲ್ಸು.”

ಮಕ್ಕಳು ಗದರಿದರು, ಕಾಲು ಹಿಡಿದರು. ಅವಳು ಏಳಲಿಲ್ಲ. ಮೇಸ್ತ್ರಿ ಕರಣೆ ತೊಳೆದುಕೊಂಡು ಹೋದ. ಬೆಸಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ನಾವು ಅದನ್ನು ಸ್ಲೇಟಿನ ಮೂಲೆಯಲ್ಲಿ ಪುಟ್ಟದಾಗಿ ಬರೆದು ಮರೆಯುತ್ತಿದ್ದೆವು.

ಮೊನ್ನೆ ಹೋದಾಗಲೂ ಗೋಡೆ ಹೊಸಿಲಲ್ಲೇ ನಿಂತಿತ್ತು. ಎರಡೂ ಬಾಗಿಲಿನ ಮೊಮ್ಮಕ್ಕಳು ಜಗಲಿಯಲ್ಲಿ ಒಂದೇ ತಟ್ಟೆಯ ಪುರಿಗೆ ಕಿತ್ತಾಡುತ್ತಿದ್ದರು. ಎರಡು ಅಡುಗೆಮನೆಯಿಂದ ಎರಡು ಲೋಟ ಕಾಫಿ ಬಂತು. ನಾದಿನಿ ಒಂದನ್ನು ನನ್ನತ್ತ ತಳ್ಳಿದಳು.

“ಕುಡೀರಿ ಅತ್ಗೆ. ಈ ಮನೇಲಿ ಈಗ ನಂಗೊಬ್ಳಿಗೇ ಎರಡು ಕಾಪಿ.”