ಹಗ್ಗ ಮರೆತ ಬೆಳಿಗ್ಗೆ

ಹಗ್ಗದ ಉದ್ದ ಬದಲಾಗುತ್ತದೆ ಎಂದು ಕಂಪ್ಯೂಟರಿಗೆ ಹೇಳಿದ್ದೆನೇ? ಹೇಳಿರಬೇಕು. ಹೇಳಿರದಿದ್ದರೆ?

ಅರ್ಧ ಕಟ್ಟಿದ ಕಟ್ಟಡದ ಪಕ್ಕದ ತಗಡಿನ ಕೋಣೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಚಹಾ ಲೋಟ ಹಿಡಿದ ಎಂಜಿನಿಯರು ಇದೇ ಯೋಚನೆಯಲ್ಲಿ ಕುಡಿಯುವುದನ್ನು ಮರೆತು ಕಿಟಕಿಯಾಚೆ ನೋಡುತ್ತಿದ್ದಾರೆ. ಅಲ್ಲಿ ಕ್ರೇನಿನ ಏಣಿ ಹತ್ತುತ್ತಿರುವುದು ಅವರ ಅಕ್ಕನ ಗಂಡ, ಕ್ರೇನ್ ಚಾಲಕ. ಎತ್ತಿದ ಭಾರ ತೂಗಾಡದಂತೆ ಮೋಟಾರನ್ನು ತಾನಾಗಿಯೇ ಸರಿಸುವ ಹೊಸ ವ್ಯವಸ್ಥೆಗೆ ಇಂದು ಮೊದಲ ಪರೀಕ್ಷೆ. ಅದರ ಹಿಂದಿನ ಲೆಕ್ಕ ಇವರದು.

ಥಟ್ಟನೆ ವಾಕಿಟಾಕಿ ಎತ್ತಿಕೊಳ್ಳುತ್ತಾರೆ. "ಭಾವ, ಎತ್ತಬೇಡಿ. ಸ್ವಲ್ಪ ತಡೀರಿ."

"ಇಷ್ಟು ಮೆಟ್ಟಿಲು ಹತ್ತಿಸಿ ಈಗ ಹೇಳ್ತೀಯಲ್ಲೋ. ಇಳೀಬೇಕಾ, ಇಲ್ಲೇ ಸಂಸಾರ ಹೂಡಲಾ?"

"ಕೂತಿರಿ. ತಪ್ಪು ನಂದೇ ಇರಬೇಕು."

ಭಾರ ಹೇಗೆ ಚಲಿಸುತ್ತದೆಂದು ತಿಳಿಯಲು ಸಮೀಕರಣ ಬೇಕು. ಯಂತ್ರದ ಒಂದೊಂದು ಭಾಗವನ್ನೂ ಇವರು ಅಕ್ಷರಗಳಲ್ಲಿ ವಿವರಿಸುತ್ತಾರೆ. ಕಂಪ್ಯೂಟರು ಅಂಕಿಗಳಿಲ್ಲದೆ, ಆ ಅಕ್ಷರಗಳಲ್ಲೇ ಸಮೀಕರಣವನ್ನು ಕಟ್ಟಿಕೊಡುತ್ತದೆ.

"ಮೊದಲು ಕೈಯಲ್ಲೇ ಮಾಡ್ತಿದ್ದೆ. ಒಂದು ಮೈನಸ್ ತಪ್ಪಿದ್ರೆ ವಾರದ ಕೆಲಸವೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಇದು ಚಹಾ ಆರೋದ್ರೊಳಗೆ ಮುಗಿಸುತ್ತೆ. ಆದ್ರೆ ಹೇಳಿದಷ್ಟೇ ಮಾಡೋ ಆಳು ಇದು. ಹಗ್ಗ ಉದ್ದ-ಗಿಡ್ಡ ಆಗುತ್ತೆ ಅಂತ ಹೇಳದಿದ್ರೆ, ಆಗಲ್ಲ ಅಂತಲೇ ಹಿಡಿಯುತ್ತೆ. ತಿರುಗಿ ಕೇಳಲ್ಲ" ಎಂದು ಅವರ ಕೆಲಸ ನೋಡಲು ಬಂದ ನನಗೆ ವಿವರಿಸುತ್ತಾರೆ.

ಪರದೆ ತೆರೆದು ನೋಡಿದರೆ ಹಾಗೇ ಆಗಿದೆ. ಭಾರವನ್ನು ಮೇಲೆತ್ತುವಾಗ ಹಗ್ಗ ಗಿಡ್ಡವಾಗುತ್ತದೆ, ತೂಗಾಟ ಹೆಚ್ಚುತ್ತದೆ. ಅದನ್ನು ಹೇಳಬೇಕಾದ ಪದವೇ ಸಮೀಕರಣದಲ್ಲಿಲ್ಲ. ನಿನ್ನೆ ಇವರು ಎಂದಿನಂತೆ ತಾಳೆ ನೋಡಿದ್ದರು. ಹಗ್ಗವನ್ನೂ ಮೋಟಾರನ್ನೂ ನಿಲ್ಲಿಸಿದರೆ ಪುಟಗಟ್ಟಲೆ ಸಮೀಕರಣ ಕುಗ್ಗಿ ಶಾಲೆಯಲ್ಲಿ ಕಲಿತ ಲೋಲಕದ ಒಂದು ಸಾಲಿನ ಸೂತ್ರವಾಗಬೇಕು. ಆಗಿತ್ತು. ಹಗ್ಗವನ್ನು ನಿಲ್ಲಿಸಿ ನೋಡಿದರೆ ಹಗ್ಗದ ತಪ್ಪು ಕಾಣುವುದಾದರೂ ಹೇಗೆ?

ಇವರ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. "ಸುಮ್ನೆ ಕೂತು ಯೋಚನೆ ಮಾಡ್ತಾನೆ, ಅದಕ್ಕೂ ಸಂಬಳ ಕೊಡ್ತಾರೆ" ಎಂದು ಅಕ್ಕ ನಗುತ್ತಾರಂತೆ. ತೂಗಾಡದ ಭಾರವನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಇವರ ಕೆಲಸ ಚೆನ್ನಾಗಿ ಆದಷ್ಟೂ ಕಾಣಿಸುವುದು ಕಡಿಮೆ.

ಹಗ್ಗ ಮರೆತಿದ್ದೆ ಎಂದು ವಾಕಿಟಾಕಿಯಲ್ಲಿ ಭಾವನಿಗೆ ಹೇಳಿ, ಒಂದು ಸಾಲು ತಿದ್ದಿ, ಕಂಪ್ಯೂಟರಿನಿಂದ ಸಮೀಕರಣವನ್ನು ಹೊಸದಾಗಿ ಕಟ್ಟಿಸಿಕೊಳ್ಳುತ್ತಾರೆ. ಈ ಸಲ ಹಗ್ಗವನ್ನು ಓಡಲು ಬಿಟ್ಟೇ ತಾಳೆ ನೋಡುತ್ತಾರೆ. ಬಿಸಿಲು ಏರಿದ ಮೇಲೆ ಉಕ್ಕಿನ ತೊಲೆ ನೆಲ ಬಿಡುತ್ತದೆ. ಗಾರೆಯವರ ತೂಗುಗುಂಡಿನಂತೆ ನೆಟ್ಟಗೆ ಏರುತ್ತದೆ. ಕೆಳಗೆ ಇಟ್ಟಿಗೆ ಹೊರುವವರು ತಮ್ಮ ಪಾಡಿಗೆ ಮಾತಾಡಿಕೊಂಡು ನಡೆಯುತ್ತಿದ್ದಾರೆ.

ಭಾವ ಇಳಿದು ಬಂದು ಬೆನ್ನಿಗೊಂದು ಗುದ್ದು ಕೊಡುತ್ತಾರೆ. "ಏನೋ ಹಗ್ಗ ಮರೆತವನೇ, ನಿನ್ನ ಲೆಕ್ಕದಿಂದ ತೊಲೆ ಇವತ್ತು ಹಸುವಿನ ಹಾಗೆ ಸಾಧುವಾಗಿತ್ತು ಕಣೋ."

"ಬಿಡಿ ಭಾವ, ಚಹಾ ಕುಡೀರಿ."

ತಮ್ಮ ಆರಿದ ಚಹಾವನ್ನು ಹೊರಗೆ ಚೆಲ್ಲಿ, ಭಾವನಿಗೆ ಬಿಸಿ ಚಹಾ ಬಗ್ಗಿಸುತ್ತಾರೆ. ತಾವು ಹೆದರಿದ್ದನ್ನು ಮಾತ್ರ ಅವರು ಭಾವನಿಗೆ ಹೇಳುವುದಿಲ್ಲ.