ಗ್ರಹಣದ ದಿನ ಮದ್ದಿಗೆ ಬಗ್ಗದ ಹತ್ತು ಇಲಿಗಳು

ಇಂಥದ್ದನ್ನೆಲ್ಲ ನಾನು ನಂಬಿದವಳೇ ಅಲ್ಲ. ಗ್ರಹಣದಲ್ಲಿ ಉಣ್ಣಬಾರದು ಎಂದರೆ ಬೇಕೆಂದೇ ಉಂಡವಳು. ಇದನ್ನು ಓದಿ ನೀವು ನಕ್ಕರೂ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಆದರೆ ನಡೆದದ್ದನ್ನು ನಡೆದೇ ಇಲ್ಲ ಎನ್ನುವುದು ನನ್ನ ಕೈಲಾಗದು.

ಎಂಬತ್ತನೇ ಇಸವಿ. ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ.ಗೆ ಕೆಲಸ ಮಾಡುತ್ತಿದ್ದೆ. ಮಿದುಳಿನಲ್ಲಿ ಪಿನಿಯಲ್ ಎಂಬ ಪುಟ್ಟ ಗ್ರಂಥಿಯಿದೆ. ಕತ್ತಲಾದರೆ ನರಗಳು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ, ಅದು ರಾತ್ರಿಯ ಹಾರ್ಮೋನು ತಯಾರಿಸುತ್ತದೆ. ಎದೆಬಡಿತ ತಗ್ಗಿಸಲು ಡಾಕ್ಟರು ಕೊಡುವ ಒಂದು ಮದ್ದು ಆ ಸುದ್ದಿಯನ್ನೇ ತಡೆಯುತ್ತದೆ. ಮದ್ದು ಚುಚ್ಚಿದ ಇಲಿಯಲ್ಲಿ ಎಷ್ಟೇ ಕತ್ತಲಿದ್ದರೂ ಹಾರ್ಮೋನು ಏರುವುದಿಲ್ಲ. ರಾತ್ರಿ ನಿದ್ದೆಗೆಡಲು ನಮಗ್ಯಾರಿಗೂ ಇಷ್ಟವಿರಲಿಲ್ಲ. ಅದಕ್ಕೆ ಇಲಿಗಳ ಹಗಲು ರಾತ್ರಿಯನ್ನೇ ತಿರುಗುಮುರುಗು ಮಾಡಿದ್ದೆವು: ಕಿಟಕಿಯಿಲ್ಲದ ಕೋಣೆಯಲ್ಲಿ ರಾತ್ರಿಯೆಲ್ಲ ದೀಪ, ಹಗಲೆಲ್ಲ ಕತ್ತಲು. ನಮ್ಮ ಕಣ್ಣಿಗೆಂದು ಒಂದು ಮಂಕು ಕೆಂಪು ಬಲ್ಬು.

ಫೆಬ್ರವರಿಯ ಸೂರ್ಯಗ್ರಹಣದ ದಿನ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಆವತ್ತೇ ಪ್ರಯೋಗ ಮಾಡುತ್ತೇನೆಂದು ಹಟ ಹಿಡಿದೆ. ಜೊತೆಗೆ ಬಂದವರು ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಖಾದರ್ ಸಾಬರು ಮಾತ್ರ; ಆರ್.ಟಿ. ನಗರದವರು, ದಿನಗೂಲಿ. ಹತ್ತು ಇಲಿಗಳಿಗೂ ನಾನೇ ಕೈಯಾರೆ ಮದ್ದು ಚುಚ್ಚಿದೆ. ಮಧ್ಯಾಹ್ನ ಮೂರೂವರೆ ದಾಟಿ, ಹೊರಗೆ ಗ್ರಹಣ ಗಾಢವಾಗುವ ಹೊತ್ತಿಗೆ ಪಂಜರಗಳಲ್ಲಿ ಸದ್ದಡಗಿತು.

"ಅಮ್ಮಾ, ಇಲ್ ನೋಡಿ. ಎಲ್ಲಾ ಒಂದೇ ಕಡೆ ನೋಡ್ತಾವೆ," ಎಂದರು ಸಾಬರು.

ಹತ್ತೂ ಇಲಿಗಳು ಹಿಂಗಾಲ ಮೇಲೆ ನಿಂತು ಹೊರಗೆ ಸೂರ್ಯನಿದ್ದ ಪಶ್ಚಿಮ ದಿಕ್ಕಿನ ಗೋಡೆಗೆ ಮುಖ ಮಾಡಿದ್ದವು. ಪಂಜರ ತಟ್ಟಿದೆ, ಒಂದೂ ಕದಲಲಿಲ್ಲ. ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಐದು ನಿಮಿಷ ಹಾಗೇ ಇದ್ದು, ಏನೂ ಆಗಿಲ್ಲವೆಂಬಂತೆ ಓಡಾಡತೊಡಗಿದವು.

ಗ್ರಂಥಿಗಳನ್ನು ತೆಗೆದು ಅಳೆದೆವು. ಮದ್ದೇ ಕೊಡದ ಇಲಿಗಳಲ್ಲಿ ಇರುವಷ್ಟು ಹಾರ್ಮೋನು ಹತ್ತರಲ್ಲೂ ಇತ್ತು.

ನನ್ನ ಗೈಡ್ ಕೆಂಡವಾದರು. "ಸಾಬ್ರು ಮದ್ದಿನ ಸೀಸೆ ತೊಳ್ದು ಉಪ್ಪುನೀರು ತುಂಬಿದಾರೆ. ಹಾಗಂತ ಬರ್ದು ಸೈನ್ ಮಾಡಮ್ಮ. ನಾಳೆಯಿಂದ ಅವ್ರು ಬರೋದು ಬೇಡ."

ಅದೇ ಸೀಸೆಯಲ್ಲಿ ಉಳಿದಿದ್ದ ಮದ್ದನ್ನು ಬೇರೆ ಇಲಿಗಳಿಗೆ ಗೈಡ್ ಕಣ್ಣೆದುರೇ ಚುಚ್ಚಿದೆ. ಲಕ್ಷಣವಾಗಿ ಕೆಲಸ ಮಾಡಿತು. ಆದರೂ ಅವರು ಹಿಡಿದ ಪಟ್ಟು ಬಿಡಲಿಲ್ಲ. ಸಾಬರ ದುಡಿಮೆ ನಂಬಿಕೊಂಡು ಮನೆಯಲ್ಲಿ ಐದು ಜನರಿದ್ದರು. ಅವರು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದರು.

"ಬರೆಯಲ್ಲ ಸಾರ್," ಎಂದೆ.

"ಮತ್ತೇನ್ ಬರೀತೀಯ? ಗ್ರಹಣ ಹಿಡೀತು ಅಂತಲಾ?"

"ಕಾರಣ ಗೊತ್ತಿಲ್ಲ ಅಂತ ಬರೀತೀನಿ."

ಹಾಗೇ ಬರೆದು ಸಹಿ ಹಾಕಿದೆ. ನನ್ನ ಸಹಿಯ ದೂರಿಲ್ಲದೆ ಆಫೀಸಿನವರು ಸಾಬರನ್ನು ತೆಗೆಯಲಿಲ್ಲ. ಆ ಸಿಟ್ಟಿಗೆ ಗೈಡ್ ನನ್ನ ಪ್ರಬಂಧವನ್ನು ಎರಡು ವರ್ಷ ಮೇಜಿನ ಮೇಲೇ ಕೊಳೆಹಾಕಿದರು. ಹಾಕಲಿ ಎಂದುಕೊಂಡೆ.

ಆಮೇಲೆ ಎಷ್ಟೋ ಸಲ ಅದೇ ಪ್ರಯೋಗ ಮಾಡಿದ್ದೇನೆ. ಒಮ್ಮೆಯೂ ಹಾಗಾಗಲಿಲ್ಲ. ಆವತ್ತು ಆ ಇಲಿಗಳು ಗೋಡೆಯತ್ತ ಏನು ನೋಡಿದವು, ಮದ್ದು ಕಟ್ಟಿಹಾಕಿದ್ದ ನರಗಳ ಮೂಲಕ ಸುದ್ದಿ ಹೇಗೆ ದಾಟಿತು, ಇವತ್ತಿಗೂ ನನಗೆ ತಿಳಿಯದು. ಗ್ರಹಣದಿಂದಲೇ ಹಾಗಾಯಿತು ಎನ್ನಲು ನನ್ನ ಬಳಿ ಪುರಾವೆಯಿಲ್ಲ. ನಂಬದಿದ್ದರೆ ಬಿಡಿ. ನನಗೆ ಗೊತ್ತಿಲ್ಲದ್ದಕ್ಕೆ ಒಬ್ಬ ಬಡವನ ಹೆಸರಿಡಲು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.